ಬ್ಲಾಕ್ ಆಟಕ್ಕೆ ಬ್ಲೇಡ್ ಮತ್ತು ರಬ್ಬರ್ ಆರಿಸಿಕೊಳ್ಳುವ ಬಗೆ

ಟೇಬಲ್ ಟೆನಿಸ್ ಸಲಕರಣೆಗಳ ಬಗ್ಗೆ ತಯಾರಕರು ಕೊಡುವ ವಿವರಣೆಗಳೆಲ್ಲ ಸಾಮಾನ್ಯವಾಗಿ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ಕೊಡುವ ಸುತ್ತು) ಹೊಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡವು. ವೇಗ ಎಷ್ಟು, ಸ್ಪಿನ್ ಎಷ್ಟು, ಹಿಂದೆ ಸರಿದು ಹೊಡೆದರೆ ಚೆಂಡಿಗೆ ಎಷ್ಟು ಬಲ ಸಿಗುತ್ತದೆ ಎಂಬುದೇ ಅಲ್ಲಿನ ಅಳತೆ. ಬ್ಲಾಕ್ ಆಟವನ್ನು ನೆಚ್ಚಿಕೊಂಡವರ ಲೆಕ್ಕಾಚಾರ ಬೇರೆ. ಅವರು ಟೇಬಲ್ಲಿಗೆ ಅಂಟಿದಂತೆ ನಿಂತು, ಚೆಂಡು ತಮ್ಮ ಕಡೆ ಪುಟಿದು ಇನ್ನೂ ಏರುತ್ತಿರುವಾಗಲೇ ಬ್ಯಾಟನ್ನು ಅಡ್ಡ ಹಿಡಿದು ಹಿಂದಿರುಗಿಸುತ್ತಾರೆ. ವೇಗವನ್ನೂ ಸ್ಪಿನ್ನನ್ನೂ ಎದುರಾಳಿಯೇ ತಂದುಕೊಟ್ಟಿರುತ್ತಾರೆ. ಹೀಗೆ ಬಂದದ್ದರಲ್ಲಿ ಎಷ್ಟನ್ನು ಹಾಗೆಯೇ ಮರಳಿಸಬೇಕು, ಎಷ್ಟನ್ನು ಹೀರಿಕೊಳ್ಳಬೇಕು, ಎಷ್ಟನ್ನು ಎದುರಾಳಿಯ ಲೆಕ್ಕ ತಪ್ಪುವಂತೆ ಬದಲಿಸಿ ಕಳಿಸಬೇಕು ಎಂಬುದೇ ಬ್ಲಾಕ್ ಆಟಗಾರರ ಬ್ಯಾಟಿನ ಮುಂದಿರುವ ಪ್ರಶ್ನೆ. ಬ್ಲೇಡಿನ (ಬ್ಯಾಟಿನ ಹಲಗೆಯ) ಮರ, ಅದಕ್ಕೆ ಅಂಟಿಸುವ ರಬ್ಬರಿನ ಜಾತಿ, ರಬ್ಬರಿನಡಿಯ ಸ್ಪಾಂಜಿನ ದಪ್ಪ ಎಲ್ಲವನ್ನೂ ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ನೋಡಿದರೆ ನೂರಾರು ಹೆಸರುಗಳ ನಡುವೆ ದಾರಿ ತಪ್ಪುವುದಿಲ್ಲ.

ಸಮಯದ ಅಭಾವವೂ ಇಲ್ಲಿ ಗಣನೀಯ. ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಬರುವ ಚೆಂಡು 2.74 ಮೀಟರ್ ಉದ್ದದ ಟೇಬಲನ್ನು ದಾಟಲು ಸೆಕೆಂಡಿನ ಕಾಲು ಭಾಗವೂ ಬೇಕಾಗುವುದಿಲ್ಲ. ಅಷ್ಟರಲ್ಲಿ ಬ್ಯಾಟಿನ ಕೋನವನ್ನು ಸರಿಪಡಿಸಿಕೊಳ್ಳಬಹುದೇ ಹೊರತು ಬ್ಯಾಟಿನ ಅತಿವೇಗವನ್ನು ಕೈಯಿಂದ ತಿದ್ದುತ್ತ ಕೂರಲು ಆಗುವುದಿಲ್ಲ. ಆದ್ದರಿಂದ ಕೈ ಮಾಡಬೇಕಾದ ತಿದ್ದುಪಡಿಯಲ್ಲಿ ದೊಡ್ಡ ಪಾಲನ್ನು ಸಲಕರಣೆಯೇ ವಹಿಸಿಕೊಳ್ಳುವಂತಿರಬೇಕು.

ಮೊದಲು ನಿಮ್ಮ ಬ್ಲಾಕ್ ಯಾವುದೆಂದು ನೋಡಿಕೊಳ್ಳಿ

ಬ್ಲಾಕ್ ಎಂಬ ಒಂದೇ ಹೆಸರಿನಡಿ ಹಲವು ಹೊಡೆತಗಳು ಸೇರಿಕೊಂಡಿವೆ. ಬ್ಯಾಟನ್ನು ಹೆಚ್ಚುಕಡಿಮೆ ಅಲುಗಿಸದೆ ಹಿಡಿದು ಎದುರಾಳಿಯ ವೇಗದಿಂದಲೇ ಚೆಂಡನ್ನು ಮೂಲೆಯಿಂದ ಮೂಲೆಗೆ ಕಳಿಸುವುದು ಒಂದು ಬಗೆ. ಮೊಣಕೈಯಿಂದ ಚಿಕ್ಕದಾಗಿ ಮುಂದಕ್ಕೆ ನೂಕಿ ಚೆಂಡಿಗೆ ಇನ್ನಷ್ಟು ವೇಗ ಸೇರಿಸುವ ಪಂಚ್ ಬ್ಲಾಕ್ ಇನ್ನೊಂದು. ಚೆಂಡು ತಗಲುವ ಕ್ಷಣಕ್ಕೆ ಬ್ಯಾಟನ್ನು ತುಸು ಹಿಂದಕ್ಕೆಳೆದು ನೆಟ್ಟಿನ ಆಚೆಗೆ ಮೆತ್ತಗೆ ಬೀಳಿಸುವುದು ಮೂರನೆಯದು. ಬ್ಯಾಟನ್ನು ಮೇಲಿನಿಂದ ಕೆಳಕ್ಕೆ ಎಳೆದು ಬ್ಯಾಕ್‌ಸ್ಪಿನ್ (ಹಿಮ್ಮುಖ ಸುತ್ತು) ಹಚ್ಚುವ ಚಾಪ್ ಬ್ಲಾಕ್ ನಾಲ್ಕನೆಯದು. ಪಂಚ್ ಬ್ಲಾಕ್ ಮಾಡುವವರಿಗೆ ಹೇಳಿ ಮಾಡಿಸಿದ ಬ್ಯಾಟ್ ಚಾಪ್ ಬ್ಲಾಕ್ ಮಾಡುವವರ ಕೈಯಲ್ಲಿ ಪ್ರತಿ ಚೆಂಡನ್ನೂ ಟೇಬಲ್ ದಾಟಿಸಿಬಿಡುತ್ತದೆ. ಸಲಹೆ ಕೇಳುವ ಮೊದಲು, ಪಂದ್ಯದ ಒತ್ತಡದಲ್ಲಿ ನಿಮ್ಮ ಕೈ ತಾನಾಗಿ ಯಾವ ಬ್ಲಾಕಿಗೆ ಹೋಗುತ್ತದೆ, ಅಂಕ ನಿಮಗೆ ಹೇಗೆ ಸಿಗುತ್ತದೆ ಎಂಬುದನ್ನು ಗಮನಿಸಬೇಕು. ಎದುರಾಳಿಯನ್ನು ಆಚೀಚೆ ಓಡಿಸಿ ಗೆಲ್ಲುವವರಿಗೆ ಚೆಂಡು ಬೀಳುವ ಜಾಗದ ಮೇಲೆ ಹಿಡಿತ ಬೇಕು. ಎದುರಾಳಿಯೇ ನೆಟ್ಟಿಗೆ ಹೊಡೆಯುವಂತೆ ಮಾಡಿ ಗೆಲ್ಲುವವರಿಗೆ ಸ್ಪಿನ್ನಿನಲ್ಲಿ ವ್ಯತ್ಯಾಸ ಬೇಕು. ಇವೆರಡೂ ಒಂದೇ ರಬ್ಬರಿನಲ್ಲಿ ಪೂರ್ಣವಾಗಿ ಸಿಗುವುದು ಅಪರೂಪ.

ಬ್ಲೇಡ್

ಹೆಚ್ಚಿನವರು ರಬ್ಬರಿನಿಂದ ಆರಂಭಿಸುತ್ತಾರೆ. ಬ್ಲೇಡಿನಿಂದ ಆರಂಭಿಸುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ರಬ್ಬರ್ ಕೆಲವು ತಿಂಗಳಲ್ಲಿ ಸವೆದು ಬದಲಾಗುತ್ತದೆ, ಬ್ಲೇಡ್ ವರ್ಷಗಟ್ಟಲೆ ಕೈಯಲ್ಲಿ ಉಳಿಯುತ್ತದೆ, ಕೈಗೆ ಸಿಗುವ ಸ್ಪರ್ಶಜ್ಞಾನದ ಬಹುಪಾಲು ಅದರಿಂದಲೇ ಬರುತ್ತದೆ. ಅಂತಾರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟದ ನಿಯಮದಂತೆ ಬ್ಲೇಡಿನ ದಪ್ಪದಲ್ಲಿ ಕನಿಷ್ಠ ಶೇ 85ರಷ್ಟು ಸಹಜ ಮರವಿರಬೇಕು. ಪದರಗಳ ನಡುವೆ ಕಾರ್ಬನ್ ಅಥವಾ ಗಾಜಿನ ನಾರಿನಂತಹವನ್ನು ಸೇರಿಸಬಹುದು, ಆದರೆ ಅಂತಹ ಒಂದೊಂದು ಪದರವೂ ಒಟ್ಟು ದಪ್ಪದ ಶೇ 7.5 ಅಥವಾ 0.35 ಮಿ.ಮೀ., ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಇಷ್ಟೇ ಜಾಗದೊಳಗೆ ತಯಾರಕರು ಅಗಾಧ ವೈವಿಧ್ಯವನ್ನು ತಂದಿದ್ದಾರೆ.

ನಯವಾದ ಮುಖ ಹೊರಗಿರುವ ಇನ್ವರ್ಟೆಡ್ ರಬ್ಬರಿನಲ್ಲಿ ಬ್ಲಾಕ್ ಮಾಡುವವರಿಗೆ ಐದು ಪದರದ ಪೂರ್ಣ ಮರದ ಆಲ್‌ರೌಂಡ್ ಬ್ಲೇಡ್ ಒಳ್ಳೆಯ ಆರಂಭ. ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್, ಡಾನಿಕ್ ಆಪೆಲ್‌ಗ್ರೆನ್ ಆಲ್‌ಪ್ಲೇ ಮುಂತಾದವು ಈ ವರ್ಗಕ್ಕೆ ಸೇರಿದವು. ಇವುಗಳಲ್ಲಿ ಬಂದ ಚೆಂಡಿನ ವೇಗದ ಒಂದು ಭಾಗವನ್ನು ಮರವೇ ಬಾಗಿ ನುಂಗಿಕೊಳ್ಳುತ್ತದೆ. ಚೆಂಡು ಎಲ್ಲಿ ತಗಲಿತು, ಎಷ್ಟು ಬಲವಾಗಿ ತಗಲಿತು ಎಂಬುದು ಅಂಗೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಪಂಚ್ ಬ್ಲಾಕೇ ಮುಖ್ಯವಾದವರಿಗೆ ಸ್ಟಿಗಾ ಕ್ಲಿಪ್ಪರಿನಂತಹ ಏಳು ಪದರದ ಬ್ಲೇಡ್ ಹೆಚ್ಚು ಹೊಂದುತ್ತದೆ. ದಪ್ಪ ಮರ ಬಾಗುವುದು ಕಡಿಮೆಯಾದ್ದರಿಂದ ಚೆಂಡು ನೇರವಾಗಿ, ತಗ್ಗಾಗಿ, ಚುರುಕಾಗಿ ಹೋಗುತ್ತದೆ, ಬಲವಾದ ಟಾಪ್‌ಸ್ಪಿನ್ ತಗಲಿದಾಗ ಬ್ಯಾಟ್ ಕೈಯಲ್ಲಿ ಅದುರುವುದೂ ಕಡಿಮೆ.

ಕಾರ್ಬನ್ ಬ್ಲೇಡುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹೊರಪದರಕ್ಕೆ ಒತ್ತಿ ನಾರನ್ನು ಕೂರಿಸಿದ ಬ್ಲೇಡುಗಳು ಬ್ಲಾಕಿಗೆ ಬಹಳ ಸ್ಥಿರವಾಗಿರುತ್ತವೆ ಎಂಬ ಮಾತು ನಿಜ. ಚೆಂಡು ಸರಿಯಾದ ನಡುಭಾಗಕ್ಕೆ ಬೀಳದಿದ್ದರೂ ಅವು ವೇಗವನ್ನು ಕಳೆದುಕೊಳ್ಳುವುದಿಲ್ಲ. ಆದರೆ ಆ ಸ್ಥಿರತೆ ಪೂರ್ತಿ ದಕ್ಕುವುದು ಕೋನವನ್ನು ನಿಖರವಾಗಿ ಹಿಡಿಯಬಲ್ಲವರಿಗೆ ಮಾತ್ರ. ಕೋನ ತುಸು ತೆರೆದರೂ ಅದೇ ವೇಗದಲ್ಲಿ ಚೆಂಡು ಟೇಬಲ್ ದಾಟಿ ಹೋಗುತ್ತದೆ. ಕಾರ್ಬನ್ ಬೇಕೇಬೇಕು ಅನ್ನಿಸಿದವರು ನಾರಿನ ಪದರ ನಡುಮರಕ್ಕೆ ಅಂಟಿಕೊಂಡಿರುವ ಒಳನಾರಿನ ಬ್ಲೇಡನ್ನು ಮೊದಲು ನೋಡುವುದು ಒಳ್ಳೆಯದು. ಮೆತ್ತಗೆ ತಗಲಿದ ಚೆಂಡಿಗೆ ಅದು ಮರದಂತೆಯೇ ವರ್ತಿಸುತ್ತದೆ.

ಮರದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಲಿಂಬಾ ಹೊರಪದರ ಮೃದುವಾದ ಸ್ಪರ್ಶ ಕೊಟ್ಟರೆ ಕೊಟೊ ಗಟ್ಟಿಯಾಗಿ ಚೆಂಡನ್ನು ಬೇಗ ಬಿಟ್ಟುಕೊಡುತ್ತದೆ. ನಡುವೆ ದಪ್ಪ ಬಾಲ್ಸಾ ಇರುವ ಬ್ಲೇಡ್ ತೂಕದಲ್ಲಿ ಬಹಳ ಹಗುರ. ಮೆತ್ತಗೆ ಬಂದ ಚೆಂಡಿಗೆ ಅದು ಚುರುಕಾಗಿಯೂ, ಬಲವಾಗಿ ಬಂದ ಚೆಂಡಿಗೆ ಮಂಕಾಗಿಯೂ ವರ್ತಿಸುವುದರಿಂದ ಹೊರಮುಖದಲ್ಲಿ ಸಣ್ಣ ಉಬ್ಬುಗಳಿರುವ ಪಿಂಪಲ್ ರಬ್ಬರಿನಲ್ಲಿ ಬ್ಲಾಕ್ ಮಾಡುವ ಹಲವರಿಗೆ ಅದು ಹಿಡಿಸುತ್ತದೆ.

ಇನ್ವರ್ಟೆಡ್ ರಬ್ಬರ್: ಹಿಡಿತ, ಚಿಮ್ಮುಗುಣ, ದಪ್ಪ

ಇನ್ವರ್ಟೆಡ್ ರಬ್ಬರಿಗೆ ಟಾಪ್‌ಸ್ಪಿನ್ ಚೆಂಡು ತಗಲಿದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮುಂದಕ್ಕೆ ಉರುಳುತ್ತ ಬಂದ ಚೆಂಡಿನ ಮುಂಭಾಗ ರಬ್ಬರನ್ನು ಕಚ್ಚಿ ಮೇಲಕ್ಕೆ ಹತ್ತಲು ನೋಡುತ್ತದೆ. ರಬ್ಬರಿನ ಹಿಡಿತ ಹೆಚ್ಚಿದಷ್ಟೂ ಈ ಏರುವಿಕೆ ಹೆಚ್ಚು. ಬ್ಯಾಟನ್ನು ನೆಟ್ಟಗೆ ಹಿಡಿದರೆ ಚೆಂಡು ಆಕಾಶಕ್ಕೆ ಹಾರುವುದು ಇದರಿಂದಲೇ. ಆದ್ದರಿಂದ ಬ್ಯಾಟನ್ನು ಮುಂದಕ್ಕೆ ಬಾಗಿಸಿ ಮುಚ್ಚಬೇಕಾಗುತ್ತದೆ, ಎಷ್ಟು ಮುಚ್ಚಬೇಕೆಂಬುದು ಬಂದ ಸ್ಪಿನ್ನಿನ ಪ್ರಮಾಣವನ್ನು ಅವಲಂಬಿಸುತ್ತದೆ. ಬಹಳ ಹಿಡಿತವಿರುವ ರಬ್ಬರಿನಲ್ಲಿ ಎದುರಾಳಿಯ ಸ್ಪಿನ್ನನ್ನು ಸ್ವಲ್ಪ ತಪ್ಪಾಗಿ ಅಂದಾಜಿಸಿದರೂ ಅದಕ್ಕೆ ದೊಡ್ಡ ದಂಡ ತೆರಬೇಕಾಗುತ್ತದೆ. ಮಧ್ಯಮ ಹಿಡಿತದ ರಬ್ಬರ್ ಆ ತಪ್ಪನ್ನು ಬಹುಮಟ್ಟಿಗೆ ಮನ್ನಿಸುತ್ತದೆ.

ಬಟರ್‌ಫ್ಲೈ ಕಂಪನಿ 2008ರಲ್ಲಿ ತಂದ ಟೆನರ್ಜಿ 05 ಟಾಪ್‌ಸ್ಪಿನ್ ಆಟಕ್ಕೆ ಅದ್ಭುತ ರಬ್ಬರ್. ಚೆಂಡನ್ನು ಎತ್ತರಕ್ಕೆ ಎಸೆಯುವ ಗುಣ ಮತ್ತು ಬರುವ ಸ್ಪಿನ್ನಿಗೆ ಅದು ತೋರುವ ತೀವ್ರ ಸ್ಪಂದನೆಯಿಂದಾಗಿ, ಬ್ಯಾಟನ್ನು ಸುಮ್ಮನೆ ಅಡ್ಡ ಹಿಡಿಯುವ ಬ್ಲಾಕಿಗೆ ಮಾತ್ರ ಅದು ಸುಲಭದ ಸಂಗಾತಿಯಲ್ಲ. ಮೇಲ್ಮೈಯಲ್ಲಿ ಅಂಟುಗುಣವಿರುವ ಚೀನೀ ಶೈಲಿಯ ರಬ್ಬರುಗಳದ್ದು ಇನ್ನೊಂದು ಬಗೆಯ ಕಷ್ಟ. ಅವು ಕೈಯಿಂದ ಹೊಡೆದರೆ ಮಾತ್ರ ಕೆಲಸ ಮಾಡುವಂಥವು, ನಿಂತಲ್ಲೇ ಹಿಡಿದರೆ ಚೆಂಡು ಒಮ್ಮೆ ಸತ್ತು ಬೀಳುತ್ತದೆ, ಒಮ್ಮೆ ಮೇಲೆ ಹಾರುತ್ತದೆ. 1967ರಿಂದ ಮಾರುಕಟ್ಟೆಯಲ್ಲಿರುವ ಬಟರ್‌ಫ್ಲೈ ಸ್ರೈವರ್, ಹೆಚ್ಚುಕಡಿಮೆ ಅದೇ ಕಾಲದ ಯಸಾಕಾ ಮಾರ್ಕ್ ಫೈವ್ ಮುಂತಾದ ಹಳೆಯ ರಬ್ಬರುಗಳನ್ನು ಇಂದಿನ ಆಟಗಾರರು ಮಂದಗತಿಯವೆಂದು ತಳ್ಳಿಹಾಕುತ್ತಾರೆ. ಬ್ಲಾಕ್ ಆಟಗಾರರು ಹಾಗೆ ತಳ್ಳಿಹಾಕುವ ಅಗತ್ಯವಿಲ್ಲ, ಏಕೆಂದರೆ ಅವುಗಳಲ್ಲಿ ಬಂದ ವೇಗಕ್ಕೂ ಹೋಗುವ ವೇಗಕ್ಕೂ ಒಂದು ನೇರ ಅನುಪಾತವಿದೆ.

ಈ ನೇರ ಅನುಪಾತದ ಮಾತನ್ನು ತುಸು ವಿವರಿಸಬೇಕು. ಆಧುನಿಕ ಟೆನ್ಸರ್ ಮಾದರಿಯ ರಬ್ಬರುಗಳ ಸ್ಪಾಂಜಿನಲ್ಲಿ ಚಿಮ್ಮುಗುಣವನ್ನು ಮೊದಲೇ ತುಂಬಿರುತ್ತಾರೆ. ಚೆಂಡು ನಿಧಾನವಾಗಿ ತಗಲಿದಾಗ ಅದು ಎಚ್ಚರಗೊಳ್ಳುವುದಿಲ್ಲ. ಒಂದು ಮಿತಿ ದಾಟಿದ ಕೂಡಲೇ ಸ್ಪಾಂಜು ಒಮ್ಮೆಲೇ ಚೆಂಡನ್ನು ಎಸೆದುಬಿಡುತ್ತದೆ. ದಾಳಿಕಾರರಿಗೆ ಇದೇ ಬೇಕಾದದ್ದು. ಬ್ಲಾಕ್ ಮಾಡುವವರಿಗೆ ಮಾತ್ರ ಎರಡು ಸತತ ಚೆಂಡುಗಳ ನಡುವೆ, ಬ್ಯಾಟನ್ನು ಒಂದೇ ರೀತಿ ಹಿಡಿದಿದ್ದರೂ, ಒಂದು ಟೇಬಲ್ಲಿನ ಮಧ್ಯಕ್ಕೂ ಮತ್ತೊಂದು ಟೇಬಲ್ಲಿನಾಚೆಗೂ ಬೀಳುವ ಅನುಭವವಾಗುತ್ತದೆ. ಬ್ಲಾಕ್ ಆಟಕ್ಕೆ ರಬ್ಬರ್ ನಿಧಾನವೋ ವೇಗವೋ ಎಂಬುದಕ್ಕಿಂತ ಅದರ ವರ್ತನೆ ಮುಂಚಿತವಾಗಿ ಊಹಿಸಲು ಬರುತ್ತದೆಯೇ ಎಂಬುದು ದೊಡ್ಡದು.

ಸ್ಪಾಂಜಿನ ಗಡಸುತನವನ್ನು ಡಿಗ್ರಿಗಳಲ್ಲಿ ಹೇಳುತ್ತಾರೆ, ಆದರೆ ಜಪಾನ್, ಜರ್ಮನಿ, ಚೀನಾದ ತಯಾರಕರು ಬಳಸುವ ಅಳತೆಗೋಲುಗಳು ಬೇರೆಬೇರೆ. ಬಟರ್‌ಫ್ಲೈ ಲೆಕ್ಕದ 36 ಡಿಗ್ರಿಯ ಟೆನರ್ಜಿ 05, ಜರ್ಮನ್ ಲೆಕ್ಕದ 42 ಡಿಗ್ರಿಯ ರಬ್ಬರಿಗಿಂತ ಗಟ್ಟಿಯಾಗಿರುತ್ತದೆ. ಪೊಟ್ಟಣದ ಮೇಲಿನ ಅಂಕಿಗಳನ್ನು ಒಂದೇ ತಯಾರಕರ ಎರಡು ರಬ್ಬರುಗಳ ನಡುವೆ ಹೋಲಿಸಬಹುದು, ಅದಕ್ಕಿಂತ ಮುಂದಕ್ಕೆ ನಂಬಬಾರದು. ಮೆತ್ತನೆಯ ಸ್ಪಾಂಜು ಮೆಲ್ಲಗಿನ ಚೆಂಡಿಗೆ ಒಳ್ಳೆಯ ಸ್ಪರ್ಶ ಕೊಡುತ್ತದೆ, ಆದರೆ ಬಲವಾದ ಹೊಡೆತ ಬಂದಾಗ ಚೆಂಡು ಸ್ಪಾಂಜನ್ನು ಪೂರ್ತಿ ಅದುಮಿ ಮರಕ್ಕೇ ತಾಗಿ ಲೆಕ್ಕವಿಲ್ಲದೆ ಪುಟಿಯುತ್ತದೆ. ಗಟ್ಟಿ ಸ್ಪಾಂಜು ಬಲವಾದ ಹೊಡೆತಕ್ಕೆ ಜಗ್ಗುವುದಿಲ್ಲ. ಎದುರಾಳಿಗಳು ಇನ್ನೂ ಕಲಿಕೆಯ ಹಂತದವರಾಗಿದ್ದರೆ ಮೆತ್ತನೆಯದೂ, ನೇರಾನೇರ ಬಲವಾಗಿ ಹೊಡೆಯುವವರಾಗಿದ್ದರೆ ಮಧ್ಯಮ ಗಡಸಿನದೂ ಸರಿ.

ದಪ್ಪದ ವಿಷಯ ಹೆಚ್ಚು ಚರ್ಚೆ ಬೇಡದಷ್ಟು ಸರಳ. ಬ್ಲಾಕ್ ಪ್ರಧಾನವಾದ ಬದಿಗೆ 1.5ರಿಂದ 1.8 ಮಿ.ಮೀ. ಸ್ಪಾಂಜು ಸಾಕು. 2.0 ಮಿ.ಮೀ. ಅಥವಾ ಅದಕ್ಕೂ ದಪ್ಪದ ಮ್ಯಾಕ್ಸ್ ಸ್ಪಾಂಜು ಬೇಕಾಗುವುದು ಅದೇ ಬದಿಯಿಂದ ಟಾಪ್‌ಸ್ಪಿನ್ ದಾಳಿಯನ್ನೂ ನಡೆಸುವವರಿಗೆ. ಫೋರ್‌ಹ್ಯಾಂಡಿನಲ್ಲಿ ಹೊಡೆದು ಬ್ಯಾಕ್‌ಹ್ಯಾಂಡಿನಲ್ಲಿ ತಡೆಯುವವರು ಒಂದೇ ರಬ್ಬರನ್ನು ಎರಡು ದಪ್ಪಗಳಲ್ಲಿ ಹಾಕಿಸಿಕೊಂಡರೆ ಕೈಗೆ ಗೊಂದಲವಾಗದೆ ಎರಡು ಕೆಲಸವೂ ನಡೆಯುತ್ತದೆ. ಈ ಸರಳ ಉಪಾಯವನ್ನು ಜನ ಏಕೆ ಹೆಚ್ಚಾಗಿ ಬಳಸುವುದಿಲ್ಲವೋ ಗೊತ್ತಿಲ್ಲ.

ಶಾರ್ಟ್ ಪಿಂಪಲ್

ಪಿಂಪಲ್‌ಗಳು ಹೊರಮುಖವಾಗಿ, ಗಿಡ್ಡವಾಗಿ, ಗಟ್ಟಿಯಾಗಿರುವ ರಬ್ಬರ್ ಇದು. ಚೆಂಡಿಗೆ ತಗಲುವ ಮೇಲ್ಮೈ ಕಡಿಮೆಯಾದ್ದರಿಂದ ಬಂದ ಸ್ಪಿನ್ನಿನ ಪರಿಣಾಮವೂ ಕಡಿಮೆ. ಬ್ಯಾಟನ್ನು ಅಷ್ಟಾಗಿ ಮುಚ್ಚದೆಯೇ ಚೆಂಡನ್ನು ಮುಂದಕ್ಕೆ ನೂಕಬಹುದು. ಹೋಗುವ ಚೆಂಡು ಚಪ್ಪಟೆಯಾಗಿ, ಸ್ಪಿನ್ ಇಲ್ಲದೆ, ಪುಟಿದ ಮೇಲೆ ತುಸು ಕುಸಿದಂತೆ ಸಾಗುತ್ತದೆ. ಟಾಪ್‌ಸ್ಪಿನ್ ಮರಳುತ್ತದೆಂದು ಬ್ಯಾಟ್ ಮುಚ್ಚಿ ಕಾದವರು ಅದನ್ನು ನೆಟ್ಟಿಗೆ ಹೊಡೆಯುತ್ತಾರೆ. ಪಂಚ್ ಬ್ಲಾಕ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ರಬ್ಬರ್ ನಾನು ಕಂಡಿಲ್ಲ. ಟೋಕಿಯೊ ಒಲಿಂಪಿಕ್ಸಿನ ಮಿಶ್ರ ಡಬಲ್ಸ್ ಚಿನ್ನ ಗೆದ್ದ ಜಪಾನಿನ ಮಿಮಾ ಇಟೊ ಬ್ಯಾಕ್‌ಹ್ಯಾಂಡಿನಲ್ಲಿ ಇದನ್ನು ಬಳಸುವ ರೀತಿಯನ್ನು ಗಮನಿಸಿದರೆ ತಡೆಗೂ ದಾಳಿಗೂ ನಡುವಿನ ಗೆರೆ ಎಷ್ಟು ತೆಳುವೆಂಬುದು ಕಾಣುತ್ತದೆ. ಹಿಂದೆ ಟಿಎಸ್‌ಪಿ ಹೆಸರಿನಲ್ಲಿ, ಈಗ ವಿಕ್ಟಾಸ್ ಹೆಸರಿನಲ್ಲಿ ಬರುವ ಸ್ಪೆಕ್ಟಾಲ್ ಈ ವರ್ಗದ ಹಳೆಯ, ನಂಬಿಕಸ್ಥ ರಬ್ಬರ್. ಫ್ರೆಂಡ್‌ಶಿಪ್ 802-40 ತುಸು ಹೆಚ್ಚು ಹಿಡಿತವುಳ್ಳದ್ದು. ಸ್ಪಾಂಜಿನ ದಪ್ಪವನ್ನು 1.5ರಿಂದ 1.8 ಮಿ.ಮೀ.ಗಳೊಳಗೆ ಇಟ್ಟುಕೊಂಡರೆ ಚೆಂಡು ಟೇಬಲ್ಲಿನ ಒಳಗೇ ಉಳಿಯುತ್ತದೆ. ಬ್ಯಾಕ್‌ಸ್ಪಿನ್ ಚೆಂಡನ್ನು ಎತ್ತಿ ಹೊಡೆಯುವುದು ಇದರಲ್ಲಿ ಕಷ್ಟ, ಅದಕ್ಕೆ ಸಿದ್ಧರಿರಬೇಕು.

ಲಾಂಗ್ ಪಿಂಪಲ್

ಬ್ಲಾಕ್ ಆಟದ ಬಗ್ಗೆ ಹೆಚ್ಚು ಕುತೂಹಲವೂ ಹೆಚ್ಚು ತಪ್ಪು ತಿಳಿವಳಿಕೆಯೂ ಇರುವುದು ಲಾಂಗ್ ಪಿಂಪಲ್ಲಿನ ಸುತ್ತ. ಅದು ಸ್ಪಿನ್ನನ್ನು ತಾನಾಗಿ ಹುಟ್ಟಿಸುತ್ತದೆ ಎಂದು ಹಲವರು ಭಾವಿಸುತ್ತಾರೆ. ನಿಜಕ್ಕೂ ನಡೆಯುವುದು ಇಷ್ಟು: ಇನ್ವರ್ಟೆಡ್ ರಬ್ಬರ್ ಬಂದ ಚೆಂಡನ್ನು ಕಚ್ಚಿ ಅದರ ಸುತ್ತುವಿಕೆಯನ್ನು ನಿಲ್ಲಿಸಿ ಹಿಮ್ಮುಖ ಮಾಡುತ್ತದೆ, ಆದ್ದರಿಂದ ಟಾಪ್‌ಸ್ಪಿನ್ ಚೆಂಡು ಟಾಪ್‌ಸ್ಪಿನ್ನಾಗಿಯೇ ಮರಳುತ್ತದೆ. ಉದ್ದನೆಯ, ಜಾರುವ ಪಿಂಪಲ್‌ಗಳು ಚೆಂಡು ತಗಲಿದೊಡನೆ ಬಾಗಿಕೊಳ್ಳುತ್ತವೆ, ಚೆಂಡು ಕಚ್ಚಿಕೊಳ್ಳದೆ ಜಾರಿಹೋಗುತ್ತದೆ, ಸುತ್ತುವ ದಿಕ್ಕು ಮೊದಲಿದ್ದಂತೆಯೇ ಉಳಿಯುತ್ತದೆ. ಚೆಂಡು ಸಾಗುವ ದಿಕ್ಕು ಮಾತ್ರ ತಿರುವುಮುರುವಾಗಿರುವುದರಿಂದ ಎದುರಾಳಿ ಕೊಟ್ಟ ಟಾಪ್‌ಸ್ಪಿನ್ ಅವರಿಗೇ ಬ್ಯಾಕ್‌ಸ್ಪಿನ್ನಾಗಿ ಕಾಣಿಸಿಕೊಳ್ಳುತ್ತದೆ. ಕೊಟ್ಟ ಸಾಲವನ್ನು ಬೇರೆ ನಾಣ್ಯದಲ್ಲಿ ಹಿಂದಕ್ಕೆ ಪಡೆದಂತೆ ಇದು. ಅವರು ಎಷ್ಟು ಹೆಚ್ಚು ಸ್ಪಿನ್ ಕೊಟ್ಟಿದ್ದರೋ ಅಷ್ಟು ಭಾರವಾದ ಬ್ಯಾಕ್‌ಸ್ಪಿನ್ ಮರಳುತ್ತದೆ. ಅವರು ಸ್ಪಿನ್ ಇಲ್ಲದ ಚೆಂಡನ್ನು ನಿಧಾನವಾಗಿ ತಳ್ಳಿದರೆ ಲಾಂಗ್ ಪಿಂಪಲ್ಲಿನಿಂದ ಏನೂ ಹೊರಡುವುದಿಲ್ಲ. ಅನುಭವಿ ಎದುರಾಳಿಗಳು ಪಿಂಪಲ್ ಬದಿಗೆ ಸತ್ತ ಚೆಂಡನ್ನೇ ಕೊಡುತ್ತ ಹೋಗುವುದು ಈ ಕಾರಣಕ್ಕೆ.

ಟೇಬಲ್ಲಿಗೆ ಹತ್ತಿರ ನಿಂತು ಬ್ಲಾಕ್ ಮಾಡುವವರಿಗೆ ಓಎಕ್ಸ್ ಎಂದು ಗುರುತಿಸುವ ಸ್ಪಾಂಜಿಲ್ಲದ ಲಾಂಗ್ ಪಿಂಪಲ್ ಹೆಚ್ಚು ಸೂಕ್ತ. ಸ್ಪಾಂಜು ಇಲ್ಲದಿದ್ದರೆ ಚೆಂಡು ರಬ್ಬರಿನೊಳಕ್ಕೆ ಇಳಿಯಲು ಜಾಗವಿಲ್ಲ, ಪಿಂಪಲ್ ಪೂರ್ತಿ ಬಾಗುತ್ತದೆ, ಸ್ಪಿನ್ ಮರಳುವುದೂ ಗರಿಷ್ಠವಾಗುತ್ತದೆ. ತಿಬಾರ್ ಗ್ರಾಸ್ ಡಿ-ಟೆಕ್ಸ್, ಪಾಲಿಯೊ ಸಿಕೆ531ಎ, ಡಾವೇ 388ಡಿ-1 ಇವು ಈ ಕೆಲಸಕ್ಕೆ ಹೆಸರಾದವು. ಇವುಗಳಲ್ಲಿ ಗ್ರಾಸ್ ಡಿ-ಟೆಕ್ಸ್ ಎದುರಾಳಿಗೂ ಬಳಸುವವರಿಗೂ ಸಮಾನವಾಗಿ ತೊಂದರೆ ಕೊಡಬಲ್ಲದು, ಹೊಸಬರು ಡಾವೇಯಂತಹ ಸೌಮ್ಯ ರಬ್ಬರಿನಿಂದ ಆರಂಭಿಸುವುದು ಕ್ಷೇಮ. ಬಟರ್‌ಫ್ಲೈ ಫೈಂಟ್ ಲಾಂಗ್ 3, ಟಿಎಸ್‌ಪಿ ಕರ್ಲ್ ಪಿ1-ಆರ್ ಒಳ್ಳೆಯ ರಬ್ಬರುಗಳೇ ಆದರೂ ತೆಳುವಾದ ಸ್ಪಾಂಜಿನೊಡನೆ, ಟೇಬಲ್ಲಿನಿಂದ ದೂರ ನಿಂತು ಚಾಪ್ ಮಾಡುವವರ ಕೈಯಲ್ಲಿ ಹೆಚ್ಚು ಅರಳುವಂಥವು. ಲಾಂಗ್ ಪಿಂಪಲ್ ಎಂಬ ಒಂದೇ ಹೆಸರು ನೋಡಿ ಅವನ್ನು ಕೊಂಡು, ಬ್ಲಾಕಿಗೆ ಬಳಸಿ ನಿರಾಶರಾದವರು ಹಲವರಿದ್ದಾರೆ. ಸ್ಪಾಂಜಿಲ್ಲದ ಪಿಂಪಲ್ ಬಹಳ ವೇಗವೆನಿಸಿದರೆ, ಅಥವಾ ಪಿಂಪಲ್ ಬದಿಯಿಂದಲೂ ಆಗಾಗ ಹೊಡೆಯುವ ಅಭ್ಯಾಸವಿದ್ದರೆ 0.5 ಮಿ.ಮೀ. ಸುಮಾರಿನ ತೆಳು ಸ್ಪಾಂಜನ್ನು ಪ್ರಯತ್ನಿಸಬಹುದು.

ಓಎಕ್ಸ್ ರಬ್ಬರಿಗೆ ಯಾವ ಬ್ಲೇಡ್ ಎಂಬ ಬಗ್ಗೆ ಎರಡು ಮತಗಳಿವೆ. ಗಟ್ಟಿಯಾದ, ವೇಗದ ಬ್ಲೇಡಿನ ಮೇಲೆ ಪಿಂಪಲ್ ಚೆನ್ನಾಗಿ ಬಾಗಿ ಚೆಂಡು ತಗ್ಗಾಗಿ, ಭಾರವಾಗಿ ಮರಳುತ್ತದೆ ಎಂಬುದು ಒಂದು ವಾದ. ಸ್ಪಾಂಜೇ ಇಲ್ಲದ ಕಡೆ ವೇಗವನ್ನು ತಗ್ಗಿಸಬೇಕಾದ್ದು ಮರವೇ, ಆದ್ದರಿಂದ ನಿಧಾನದ ಬ್ಲೇಡೇ ಸರಿ ಎಂಬುದು ಇನ್ನೊಂದು. ಕೈಯಲ್ಲಿ ಚಾಪ್ ಬ್ಲಾಕಿನ ಚಲನೆ ಚೆನ್ನಾಗಿ ಕೂತಿರುವವರಿಗೆ ಮೊದಲನೆಯದೂ, ಬ್ಯಾಟನ್ನು ಅಲುಗಿಸದೆ ತಡೆಯುವವರಿಗೆ ಎರಡನೆಯದೂ ಹೊಂದುತ್ತದೆ ಎಂಬುದು ನಾನು ಕಂಡುಕೊಂಡ ಉತ್ತರ. ಎರಡೂ ಬದಿಗೆ ಬೇರೆಬೇರೆ ಮರ ಕೂರಿಸಿದ ಕಾಂಬಿ ಬ್ಲೇಡುಗಳೂ ಇವೆ. ಫೋರ್‌ಹ್ಯಾಂಡಿನಲ್ಲಿ ಜೋರಾಗಿ ಹೊಡೆಯುವವರು ಅವನ್ನು ನೋಡಬಹುದು, ಆದರೆ ಬ್ಯಾಟ್ ತಿರುಗಿಸಿ ಆಡುವ ಅಭ್ಯಾಸವಿದ್ದರೆ ಪ್ರತಿ ಬಾರಿಯೂ ರಬ್ಬರ್ ಮತ್ತು ಮರ ಎರಡರ ಬದಲಾವಣೆಯನ್ನೂ ಒಟ್ಟಿಗೆ ಲೆಕ್ಕ ಹಾಕಬೇಕಾಗುತ್ತದೆ.

ಈ ಶೈಲಿಯನ್ನು ಕೆಳದರ್ಜೆಯ ಆಟವೆಂದು ಮೂಗು ಮುರಿಯುವವರು ದಾಖಲೆಗಳನ್ನು ನೋಡಬೇಕು. ಬ್ಯಾಕ್‌ಹ್ಯಾಂಡಿನಲ್ಲಿ ಲಾಂಗ್ ಪಿಂಪಲ್ ಹಿಡಿದ ಚೀನಾದ ಡೆಂಗ್ ಯಾಪಿಂಗ್ 1992 ಮತ್ತು 1996ರ ಒಲಿಂಪಿಕ್ಸ್‌ಗಳೆರಡರಲ್ಲೂ ಮಹಿಳಾ ಸಿಂಗಲ್ಸ್ ಚಿನ್ನ ಗೆದ್ದರು. ಲಕ್ಸೆಂಬರ್ಗಿನ ನೀ ಶಿಯಾಲಿಯಾನ್ ಟೇಬಲ್ಲಿನ ಬಳಿಯಿಂದ ಅಷ್ಟಾಗಿ ಕದಲದೆ, ಪಿಂಪಲ್ ಬ್ಲಾಕಿನ ಬಲದ ಮೇಲೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 61ನೆಯ ವಯಸ್ಸಿನಲ್ಲಿ ಒಂದು ಪಂದ್ಯವನ್ನು ಗೆದ್ದರು.

ಆಂಟಿ ಸ್ಪಿನ್

ನೋಡಲು ಇನ್ವರ್ಟೆಡ್ ರಬ್ಬರಿನಂತೆಯೇ ಕಂಡರೂ ಆಂಟಿ ಸ್ಪಿನ್ ರಬ್ಬರಿನ ಮೇಲ್ಮೈಯಲ್ಲಿ ಹಿಡಿತ ಬಹಳ ಕಡಿಮೆ, ಕೆಳಗಿನ ಸ್ಪಾಂಜು ವೇಗವನ್ನು ನುಂಗುವಂತಹ ಮಂಕು ಸ್ಪಾಂಜು. ಇದರಲ್ಲಿ ಎರಡು ತಲೆಮಾರುಗಳಿವೆ. ಬಟರ್‌ಫ್ಲೈ ಸೂಪರ್ ಆಂಟಿ, ಯಸಾಕಾ ಆಂಟಿ ಪವರ್‌ನಂತಹ ಹಳೆಯವು ಸ್ವಲ್ಪ ಹಿಡಿತ ಉಳಿಸಿಕೊಂಡಿದ್ದು, ಸ್ಪಿನ್ನನ್ನು ಕೊಂದು ಸತ್ತ ಚೆಂಡನ್ನು ಕಳಿಸುತ್ತವೆ. ಡಾಕ್ಟರ್ ನ್ಯೂಬಾವರ್ ಮುಂತಾದ ತಯಾರಕರ ಹೊಸ ಬಗೆಯ ಜಾರು ಆಂಟಿಗಳು ಓಎಕ್ಸ್ ಪಿಂಪಲ್ಲಿನಂತೆ ಸ್ಪಿನ್ನನ್ನು ತಿರುವುಮುರುವು ಮಾಡಿ ಕಳಿಸುತ್ತವೆ. ಪಿಂಪಲ್ಲಿಗೆ ಹೋಲಿಸಿದರೆ ಇವುಗಳಲ್ಲಿ ಚೆಂಡು ಅತ್ತಿತ್ತ ಓಲಾಡುವುದು ಕಡಿಮೆ, ತಡೆದ ಚೆಂಡನ್ನು ನೆಟ್ಟಿನ ಹತ್ತಿರ ಬೀಳಿಸುವುದು ಸುಲಭ. ದುರ್ಬಲ ಚೆಂಡಿಗೆ ಹೊಡೆಯುವುದು ಮಾತ್ರ ಇನ್ನೂ ಕಷ್ಟ. 2024ರ ಫೆಬ್ರವರಿಯಲ್ಲಿ ಬುಸಾನಿನಲ್ಲಿ ನಡೆದ ವಿಶ್ವ ತಂಡ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಐಹಿಕಾ ಮುಖರ್ಜಿ ಆಗಿನ ವಿಶ್ವದ ಒಂದನೆಯ ಶ್ರೇಯಾಂಕದ ಚೀನಾದ ಸುನ್ ಯಿಂಗ್‌ಶಾ ಅವರನ್ನು ಮಣಿಸಿದ್ದು ಇಂತಹ ಆಂಟಿ ರಬ್ಬರ್ ಹಿಡಿದೇ.

ಇನ್ನೊಂದು ಬದಿ, ತೂಕ, ಹಿಡಿ

ಬ್ಲಾಕ್ ಬದಿಯನ್ನು ಜೋಪಾನವಾಗಿ ಆರಿಸಿದವರು ಇನ್ನೊಂದು ಬದಿಯನ್ನು ಮರೆತುಬಿಡುವುದುಂಟು. ಪಿಂಪಲ್ ಅಥವಾ ಆಂಟಿಯಿಂದ ತಡೆದ ಮೇಲೆ ಎದುರಾಳಿಯಿಂದ ಬರುವುದು ಸಾಮಾನ್ಯವಾಗಿ ತುಸು ಎತ್ತರದ, ನಿಧಾನದ ಚೆಂಡು. ಅದನ್ನು ಮುಗಿಸಲು ಇನ್ನೊಂದು ಬದಿಯಲ್ಲಿ ಒಳ್ಳೆಯ ಹಿಡಿತವಿರುವ ಇನ್ವರ್ಟೆಡ್ ರಬ್ಬರ್ ಬೇಕು. ಅದೇ ಬದಿಯಿಂದಲೇ ಸ್ಪಿನ್ ತುಂಬಿದ ಸರ್ವಿಸ್ ಕೂಡ ಹೊರಡಬೇಕು. ಆದ್ದರಿಂದ ಎರಡೂ ಬದಿಗೆ ಸೌಮ್ಯ ರಬ್ಬರ್ ಹಾಕಿ ಬ್ಯಾಟನ್ನು ಪೂರ್ತಿ ಹಲ್ಲಿಲ್ಲದಂತೆ ಮಾಡಬಾರದು.

ಕತ್ತರಿಸಿದ ಇನ್ವರ್ಟೆಡ್ ರಬ್ಬರ್ 45ರಿಂದ 50 ಗ್ರಾಂ ತೂಗಿದರೆ ಓಎಕ್ಸ್ ಪಿಂಪಲ್ ಅದರ ಅರ್ಧಕ್ಕಿಂತಲೂ ಕಡಿಮೆ. ಎರಡೂ ಬದಿ ಇನ್ವರ್ಟೆಡ್ ಹಾಕಿದ ಬ್ಯಾಟ್ 180 ಗ್ರಾಂ ಆಸುಪಾಸಿನಲ್ಲಿದ್ದರೆ, ಒಂದು ಬದಿಗೆ ಓಎಕ್ಸ್ ಹಾಕಿದ್ದು 150 ಗ್ರಾಂ ಸುತ್ತ ನಿಲ್ಲುತ್ತದೆ. ಹಗುರ ಬ್ಯಾಟನ್ನು ಚುರುಕಾಗಿ ಅಡ್ಡ ತರಬಹುದು ನಿಜ, ಆದರೆ ತೀರಾ ಹಗುರವಾದರೆ ಬಲವಾದ ಟಾಪ್‌ಸ್ಪಿನ್ ಅದನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಸ್ಪಾಂಜಿಲ್ಲದ ಪಿಂಪಲ್ ಹಾಕುವವರು ಬ್ಲೇಡನ್ನು 85 ಗ್ರಾಂ ಅಥವಾ ಅದಕ್ಕೂ ತುಸು ಮೇಲಿನ ತೂಕದಲ್ಲಿ ಕೇಳಿ ಪಡೆಯುವುದು ಲೇಸು. ಬ್ಯಾಟ್ ತಿರುಗಿಸಿ ಆಡುವವರಿಗೆ ನೇರ ಹಿಡಿ ಅನುಕೂಲ. ತುದಿ ಅಗಲವಾದ ಫ್ಲೇರ್ಡ್ ಹಿಡಿ ಬೆರಳುಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ನಿಯಮಗಳು

ಅಧಿಕೃತ ಪಂದ್ಯಗಳಲ್ಲಿ ಬಳಸುವ ರಬ್ಬರ್ ಅಂತಾರಾಷ್ಟ್ರೀಯ ಒಕ್ಕೂಟದ ಮಾನ್ಯತಾ ಪಟ್ಟಿಯಲ್ಲಿರಬೇಕು, ಅದರ ಗುರುತು ಹಿಡಿಯ ಬಳಿ ಕಾಣುವಂತೆ ಅಂಟಿಸಬೇಕು. ಒಂದು ಬದಿ ಕಪ್ಪಾಗಿರಲೇಬೇಕು. ಇನ್ನೊಂದು ಬದಿಗೆ 2021ರ ಅಕ್ಟೋಬರ್‌ನಿಂದ ಕೆಂಪಲ್ಲದೆ ನೀಲಿ, ಹಸಿರು, ಗುಲಾಬಿ, ನೇರಳೆ ಬಣ್ಣಗಳೂ ಬಂದಿವೆ. ಸ್ಪಾಂಜು ಸಹಿತ ರಬ್ಬರ್ ಅಂಟು ಸೇರಿ 4 ಮಿ.ಮೀ., ಸ್ಪಾಂಜಿಲ್ಲದ ಪಿಂಪಲ್ 2 ಮಿ.ಮೀ. ಮೀರುವಂತಿಲ್ಲ. ಪಿಂಪಲ್ಲಿನ ಎತ್ತರ ಅದರ ವ್ಯಾಸದ 1.1 ಪಟ್ಟಿಗಿಂತ ಹೆಚ್ಚಿರಬಾರದು. ಘರ್ಷಣೆಯೇ ಇಲ್ಲದ ಲಾಂಗ್ ಪಿಂಪಲ್‌ಗಳು 2008ರ ಜುಲೈಯಿಂದ ನಿಷಿದ್ಧ. ಅಂಥ ಹಳೆಯ ರಬ್ಬರನ್ನು ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆಂದರೆ ಅಭ್ಯಾಸಕ್ಕೂ ತೆಗೆದುಕೊಳ್ಳಬೇಡಿ, ಏಕೆಂದರೆ ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಪಿಂಪಲ್ಲನ್ನು ಬಿಸಿಲಿಗೋ ಬೆಳಕಿಗೋ ಒಡ್ಡಿ ಜಾರುವಂತೆ ಮಾಡುವುದೂ, ರಬ್ಬರಿಗೆ ಯಾವುದೇ ದ್ರವ ಸವರಿ ಗುಣ ಬದಲಿಸುವುದೂ ನಿಯಮಬಾಹಿರ.

ಕೊಳ್ಳುವ ಮೊದಲು ಪರೀಕ್ಷಿಸುವುದು

ಸಾಧ್ಯವಾದರೆ ಬೇರೆಯವರ ಬ್ಯಾಟಿನಲ್ಲಿ ಆಡಿ ನೋಡಿ ಆಮೇಲೆ ಕೊಳ್ಳಬೇಕು. ಇಬ್ಬರೂ ಸಲೀಸಾಗಿ ಡ್ರೈವ್ ಮಾಡುತ್ತ ಹೋದರೆ ಎಲ್ಲ ಬ್ಯಾಟೂ ಒಳ್ಳೆಯದೆನಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಜೊತೆಗಾರರಿಗೆ ಬ್ಯಾಕ್‌ಸ್ಪಿನ್ ಚೆಂಡೊಂದನ್ನು ತಳ್ಳಿ, ಅವರು ಅದನ್ನು ನಿಧಾನವಾಗಿ, ಎತ್ತರವಾಗಿ, ಸ್ಪಿನ್ ತುಂಬಿ ಎತ್ತುವಂತೆ ಕೇಳಿಕೊಳ್ಳಿ. ಬ್ಲಾಕ್ ಆಟಗಾರರನ್ನು ಹೆಚ್ಚು ಕಾಡುವುದು ವೇಗದ ಹೊಡೆತಕ್ಕಿಂತ ಈ ನಿಧಾನದ ಚೆಂಡೇ. ಬ್ಯಾಟ್ ಅದನ್ನು ಟೇಬಲ್ಲಿನೊಳಗೆ ತಗ್ಗಾಗಿ ಇಳಿಸಿದರೆ ಮೊದಲ ಪರೀಕ್ಷೆ ಗೆದ್ದಂತೆ. ಅನಂತರ ಅದೇ ಕೋನದಲ್ಲಿ, ಕೈ ಬದಲಿಸದೆ, ವೇಗದ ಚಪ್ಪಟೆ ಹೊಡೆತವನ್ನು ತಡೆದು ನೋಡಿ. ಎರಡು ಚೆಂಡುಗಳು ಬಿದ್ದ ಜಾಗಗಳ ನಡುವಿನ ಅಂತರ ಕಡಿಮೆಯಿದ್ದಷ್ಟೂ ಆ ಬ್ಯಾಟ್ ನಿಮ್ಮ ಬ್ಲಾಕಿಗೆ ಹೆಚ್ಚು ಒಗ್ಗುತ್ತದೆ. ಕೊನೆಗೆ ಒಂದೇ ರ‍್ಯಾಲಿಯಲ್ಲಿ ಸತತ ನಾಲ್ಕೈದು ಟಾಪ್‌ಸ್ಪಿನ್‌ಗಳನ್ನು ತಡೆಯಿರಿ. ವೇಗದ ಬ್ಲೇಡುಗಳಲ್ಲಿ ಮೊದಲ ಬ್ಲಾಕ್ ಸೊಗಸಾಗಿ ಹೋಗಿ ಮೂರನೆಯದು ತಪ್ಪುವುದು ಸಾಮಾನ್ಯ, ಏಕೆಂದರೆ ನೀವು ಕಳಿಸಿದ ವೇಗವೇ ಇನ್ನಷ್ಟು ಬೇಗ ಮರಳಿ ಬರುತ್ತದೆ. ಲಾಂಗ್ ಪಿಂಪಲ್ ಅಥವಾ ಆಂಟಿಯನ್ನು ಪರೀಕ್ಷಿಸುವಾಗ ಇವುಗಳ ಜೊತೆಗೆ ಸ್ಪಿನ್ ಇಲ್ಲದ ಮೆಲ್ಲಗಿನ ಚೆಂಡನ್ನೂ ಕೇಳಿ ಆಡಲೇಬೇಕು.

ಬದಲಾವಣೆ ಮಾಡುವಾಗ ಒಮ್ಮೆಗೆ ಒಂದನ್ನೇ ಬದಲಿಸಿ. ಬ್ಲೇಡ್ ಮತ್ತು ಎರಡೂ ರಬ್ಬರುಗಳನ್ನು ಒಟ್ಟಿಗೆ ಬದಲಿಸಿದರೆ ಚೆಂಡು ಉದ್ದ ಹೋಗುತ್ತಿರುವುದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಚೆಂಡು ಉದ್ದ ಹೋಗುತ್ತಿದ್ದರೆ ಮೊದಲು ಸ್ಪಾಂಜಿನ ದಪ್ಪ ಇಳಿಸಿ, ಅದು ಸಾಲದಿದ್ದರೆ ಮಾತ್ರ ಬ್ಲೇಡಿನ ಕಡೆ ನೋಡಿ. ಚೆಂಡು ಮೇಲೆ ಹಾರುತ್ತಿದ್ದರೆ ದಪ್ಪ ಇಳಿಸಿ ಪ್ರಯೋಜನ ಕಡಿಮೆ, ರಬ್ಬರಿನ ಹಿಡಿತ ಕಡಿಮೆ ಮಾಡಿಕೊಳ್ಳಬೇಕು.

ಓಎಕ್ಸ್ ರಬ್ಬರನ್ನು ಅಂಟಿಸುವಾಗ ನೀರಿನ ಅಂಟನ್ನು ತೀರಾ ತೆಳುವಾಗಿ ಸವರಬೇಕು ಇಲ್ಲವೇ ಅದಕ್ಕೆಂದೇ ಬರುವ ಅಂಟುಹಾಳೆಯನ್ನು ಬಳಸಬೇಕು. ಹಾಳೆಯನ್ನು ಎಳೆಯದೆ ಹಿಡಿಯ ಕಡೆಯಿಂದ ತುದಿಯತ್ತ ಮೆಲ್ಲಗೆ ಹಾಸಿದರೆ ಗಾಳಿಗುಳ್ಳೆ ಉಳಿಯುವುದಿಲ್ಲ. ಗುಳ್ಳೆ ಉಳಿದ ಜಾಗದಲ್ಲಿ ತಡೆದ ಚೆಂಡು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಪಿಂಪಲ್‌ಗಳ ನಡುವಿನ ಧೂಳನ್ನು ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಇನ್ವರ್ಟೆಡ್ ಬದಿಯನ್ನು ಒದ್ದೆ ಸ್ಪಾಂಜಿನಿಂದ ತೆಗೆದರೆ ಸಾಕು. ಆಡುತ್ತ ಪಿಂಪಲ್ ಬುಡದಲ್ಲಿ ಸೀಳಿ ಬೀಳುವುದುಂಟು, ಬಡಿತ ಹೆಚ್ಚಾಗಿ ಬೀಳುವ ನಡುಭಾಗದಲ್ಲಿ ಇದು ಮೊದಲು ಕಾಣಿಸುತ್ತದೆ. ಹಾಗೆ ಉದುರಿದ ರಬ್ಬರನ್ನು ಪಂದ್ಯಕ್ಕೆ ಮೊದಲಿನ ತಪಾಸಣೆಯಲ್ಲಿ ಅಂಪೈರ್ ತಿರಸ್ಕರಿಸಬಹುದು. ಆಕಸ್ಮಿಕವಾಗಿ ಬ್ಯಾಟ್ ಹಾಳಾದ ಸಂದರ್ಭ ಬಿಟ್ಟರೆ ಪಂದ್ಯದ ನಡುವೆ ಬೇರೆ ಬ್ಯಾಟ್ ಹಿಡಿಯಲು ಅವಕಾಶವಿಲ್ಲ. ಆದ್ದರಿಂದ ಪಂದ್ಯಾವಳಿಗೆ ಹೊರಡುವ ಹಿಂದಿನ ದಿನವೇ ಬೆಳಕಿಗೆ ಹಿಡಿದು ಪಿಂಪಲ್‌ಗಳ ಬುಡವನ್ನೊಮ್ಮೆ ನೋಡಿ, ಅದೇ ರಬ್ಬರಿನ, ಅದೇ ದಪ್ಪದ ಇನ್ನೊಂದು ಹಾಳೆಯನ್ನು ಚೀಲದಲ್ಲಿ ಇಟ್ಟುಕೊಂಡಿರಬೇಕು.